ಎಡದಿಂದ ನಾಲ್ಕನೆಯವರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ, ಹದಿನೇಳನೆಯ ಪುಟದಲ್ಲಿ, ಶಿಕ್ಷಕವೃಂದದ ಒಂದು ಹಳೆಯ ಛಾಯಾಚಿತ್ರ ಅಚ್ಚಾಗಿದೆ. ಅದರಲ್ಲಿ ಗಂಟೆ ಬಾರಿಸುತ್ತಿದ್ದ ಜವಾನನ ಹೆಸರಿದೆ, ಇರಬೇಕಾದದ್ದೇ. ಅಂದು ಯಾವ ಸಂಬಂಧವೂ ಇಲ್ಲದೆ ಬಂದು ನಿಂತ, ಆಡಳಿತ ಮಂಡಳಿಯ ಅಧ್ಯಕ್ಷರ ಅಳಿಯಂದಿರ ಹೆಸರೂ ಇದೆ. ಕುಳಿತವರ ಸಾಲಿನಲ್ಲಿ ಎಡದಿಂದ ನಾಲ್ಕನೆಯವರ ಸ್ಥಾನದಲ್ಲಿ ಮಾತ್ರ ‘ಗುರುತು ಸಿಕ್ಕಿಲ್ಲ’ ಎಂದು ಛಾಪಿಸಲಾಗಿದೆ. ಇದು ಅನ್ಯಾಯ. ಕಣ್ತಪ್ಪಿನಿಂದಾದ ಅನ್ಯಾಯವೂ ಅಲ್ಲ. ಈ ಪುಟದ ಕರಡನ್ನು ಸಂಪಾದಕ ಮಂಡಳಿ ನನಗೆ ಕಳಿಸಿತ್ತು. ಆ ಚಿತ್ರದಲ್ಲಿರುವವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ, ಹಿಂದಿನ ಸಾಲಿನ ಕೊನೆಯಲ್ಲಿ ನಿಂತಿರುವ ಡ್ರಾಯಿಂಗ್ ಮಾಸ್ತರ. ನಾನು ಎಲ್ಲರ ಹೆಸರುಗಳನ್ನೂ ಬರೆದು ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿದೆ. ಅದು ತಲುಪಿದ್ದಕ್ಕೆ ಸಂಪಾದಕರ ಸಹಿಯಿರುವ ಚೀಟಿ ನನ್ನ ಟ್ರಂಕಿನಲ್ಲಿದೆ. ನಾನು ಕಳಿಸಿದ ಹೆಸರುಗಳಲ್ಲಿ ಉಳಿದವೆಲ್ಲ ಅಚ್ಚಾದವು. ಅದೊಂದು ಆಗಲಿಲ್ಲ.

ಆದ್ದರಿಂದ ಇಲ್ಲಿಯೂ ನಾನು ಅವರ ಹೆಸರನ್ನು ಬರೆಯುವುದಿಲ್ಲ. ಅದನ್ನು ಬರೆಯಬೇಕಾದ ಜಾಗ ಹದಿನೇಳನೆಯ ಪುಟ. ನಾನು ಬರೆಯುವುದು ಆ ಹೆಸರನ್ನು ಹೊತ್ತಿದ್ದ ಮನುಷ್ಯ ಎಂಥವರಾಗಿದ್ದರು ಎಂಬುದನ್ನು.

ಅವರು ಹಿರೇಕೆರೂರ ತಾಲೂಕಿನವರು, ಅಬಲೂರಿನ ಸಮೀಪದ ಒಕ್ಕಲುತನದ ಮನೆತನದವರು. ಪುಣೆಯಲ್ಲಿ ವಿಜ್ಞಾನ ಓದಿ, ವಕೀಲಿ ಮಾಡೆಂದ ಸೋದರಮಾವನ ಮಾತನ್ನು ಮೀರಿ, ಮೂವತ್ತರ ದಶಕದ ನಡುವಿನಲ್ಲಿ ಹಾನಗಲ್ಲಿಗೆ ಬಂದು ನಮ್ಮ ಶಾಲೆ ಸೇರಿದರು. ಎತ್ತರದ ಆಳು; ಮುಚ್ಚುಕೊರಳಿನ ಕೋಟು, ಅಂಚಿಲ್ಲದ ಧೋತರ, ಕೊರಳಲ್ಲಿ ಲಿಂಗ, ಜೇಬಿನಲ್ಲಿ ಸರಪಳಿಯ ಗಡಿಯಾರ. ಕೈಗಳು ಸುಮ್ಮನಿರುತ್ತಿರಲಿಲ್ಲ. ಎಡಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಸದಾ ಏನನ್ನೋ ಎಣಿಸುತ್ತಿತ್ತು. ಎದುರಿಗೆ ಕೂತವರು ಮಾತಾಡುವಾಗ ಅವರ ಉಸಿರನ್ನೇ ಎಣಿಸುತ್ತಾರೆಂದು ಶಾಲೆಯಲ್ಲಿ ಒಂದು ಪ್ರತೀತಿ ಇತ್ತು. ನಾನು ಕೇಳಿದಾಗ ಅಲ್ಲಗಳೆಯಲಿಲ್ಲ.

ಅವರ ಬಾಯಲ್ಲಿ ಒಂದು ಮಾತಿತ್ತು: ‘ನಾ ಕಂಡಷ್ಟ.’ ಮಳೆ ಬರುವುದೇ ಎಂದು ರೈತನೊಬ್ಬ ಕೇಳಿದರೆ, “ನಾ ಕಂಡಷ್ಟ ಹೇಳಬೇಕಂದ್ರ ಮ್ಯಾಲ ಮಾಡ ಐತಿ. ಅದರ ಆಚೀದು ನನಗ ತಿಳೀದು” ಎನ್ನುವರು. ಜನ ನಗುತ್ತಿದ್ದರು. ಆ ಮಾತಿನ ತೂಕ ಹಾನಗಲ್ಲಿಗೆ ಗೊತ್ತಾಗಲು ಇನ್ನೂ ಆರು ವರ್ಷ ಬೇಕಾಗಿತ್ತು.

ಒಂದು ನಾತಾಳದ, ಅಂದರೆ ಕ್ರಿಸ್‌ಮಸ್ಸಿನ, ರಜೆಯಲ್ಲಿ ಅವರೂ ನಾನೂ ಕುಮಟೆಗೆ ಹೋಗಿದ್ದೆವು. ನಾನು ಸಮುದ್ರದ ಚಿತ್ರ ಬರೆಯಲೆಂದು ಹೋದವನು. ಅವರು ಅಲ್ಲಿ ಬಲೆಯಿಂದ ಸುರುವಿದ ಮೀನಿನ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟರು. ರಾಶಿಯಲ್ಲಿ ಚಪ್ಪಟೆ ಮೀನುಗಳಿದ್ದವು. ಕಡಲ ತಳದ ಉಸುಕಿನ ಮೇಲೆ ಒಂದು ಮಗ್ಗುಲಾಗಿ ಮಲಗಿ ಬಾಳುವ ಮೀನು ಅದು. ಎರಡೂ ಕಣ್ಣು ಮೇಲಿನ ಮಗ್ಗುಲಲ್ಲೇ ಇರುತ್ತವೆ. ಮುಂದೆ ನಮ್ಮ ಹುಡುಗರು ಅದಕ್ಕೆ ‘ರೊಟ್ಟಿ ಮೀನ’ ಎಂದು ಹೆಸರಿಟ್ಟರು. ಅವರಿಗೆ ಬೇಕಾದದ್ದು ಅದರ ವಿಕಾರವಲ್ಲ, ಅದರ ನಿಶ್ಚಲತೆ.

“ಉಳದ ಮೀನ ಈಸ್ತಾವು, ಹೊಳ್ಳತಾವು, ಹೆದರಿ ಓಡ್ತಾವು. ಅವುಗಳ ಉಸರ ಎಣಿಸಿದ್ರ ಓಡಾಟದ ಉಸರೂ ಅದರಾಗ ಸೇರಿಬಿಡ್ತೈತಿ. ಇದು ಬಿದ್ದಲ್ಲೇ ಬಿದ್ದಿರ್ತೈತಿ ನೋಡ್ರಿ ಡ್ರಾಯಿಂಗ ಮಾಸ್ತರ. ಇದರ ಉಸರು ಬರೇ ಬದುಕೂದಕ್ಕಷ್ಟ ಬೇಕಾದ ಉಸರು. ನೀರಾಗಿನ ಗಾಳಿ ಕಡಿಮಿ ಆದ್ರ ಇದು ಏನ ಮಾಡ್ತೈತಿ ನೋಡೂನು.”

ನೀರಿನಲ್ಲಿ ಗಾಳಿ ಇರುತ್ತದೆಂಬುದೇ ನನಗೆ ಅಂದು ಹೊಸದಾಗಿತ್ತು. ಮೀನು ಉಸಿರಾಡುವುದು ನೀರನ್ನಲ್ಲ, ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನು, ಎಂದು ಆ ಉಸುಕಿನ ಮೇಲೆ ಕೂತೇ ಅವರು ನನಗೆ ಪಾಠ ಮಾಡಿದರು.

ಹನ್ನೊಂದು ಮೀನುಗಳನ್ನು ಸಮುದ್ರದ ನೀರು ತುಂಬಿದ ಗಡಿಗೆಗಳಲ್ಲಿಟ್ಟುಕೊಂಡು ಶಿರಸಿಯ ಮೇಲಿಂದ ಸರ್ವಿಸ್ ಮೋಟಾರಿನಲ್ಲಿ ಹಾನಗಲ್ಲು ಮುಟ್ಟಿದೆವು. ದಾರಿಯಲ್ಲಿ ಒಂದು ಗಡಿಗೆ ಸೀಳಿತ್ತು. ಅವರ ಬಾಡಿಗೆ ಮನೆಯ ಒಡತಿ ಅರವತ್ತು ದಾಟಿದ ಮುದುಕಿ. ಊರೆಲ್ಲ ಅವರನ್ನು ‘ಅವ್ವಾರ’ ಎನ್ನುತ್ತಿತ್ತು. ಹೊಸ್ತಿಲಲ್ಲೇ ತಡೆದರು.

“ಏನ್ರಿ ಮಾಸ್ತರ, ಲಿಂಗಾ ಕಟಗೊಂಡ ಮೈಯಿ. ಮೀನ ಹೊತಗೊಂಡ ಬಂದೀರಲ್ಲ?”

“ತಿನ್ನಾಕಲ್ರಿ ಅವ್ವಾರ. ಅವುಗಳ ಉಸರ ಎಣಸಾಕ.”

“ಉಸರ ಎಣಸಾಂವ ಮ್ಯಾಲ ಶಿವ ಅದಾನ. ಅವನ ಚಾಕರಿ ನೀವ್ಯಾಕ ಹಿಡದ್ರಿ?”

“ಅವಂದು ಎಣಕಿ ತಪ್ಪೂದಿಲ್ರಿ. ನಂದು ತಪ್ಪತೈತಿ. ಅದಕ್ಕ ಗಡಿಯಾರ ಇಟಗೊಂಡೇನಿ.”

ಮುದುಕಿ ನಕ್ಕರು. ನಕ್ಕ ಮೇಲೆ ಮನಸ್ಸು ಕರಗಿತು. ಮನೆಗೆ ಬಂದ ಜೀವಗಳು ಸೀಳುಗಡಿಗೆಯಲ್ಲಿ ಇರಬಾರದೆಂದು, ಮನೆಯಲ್ಲಿದ್ದ ಪಾತ್ರೆಗಳಲ್ಲೆಲ್ಲ ಮಡಿಯಾದದ್ದನ್ನು, ಪೂಜೆಯ ನೀರು ತುಂಬುವ ತಾಮ್ರದ ಹಂಡೆಯನ್ನು, ಹುಣಸೆಹಣ್ಣು ಹಚ್ಚಿ ಬಂಗಾರದ ಹಾಗೆ ಫಳಫಳ ತಿಕ್ಕಿ ತಂದು ಕೊಟ್ಟರು. ತಾಮ್ರಕ್ಕಿಂತ ಶುದ್ಧವಾದದ್ದು ನಮ್ಮ ಸೀಮೆಯಲ್ಲಿ ಇನ್ನಾವುದಿದೆ? ನಾನೂ ಹಾಗೆಯೇ ತಿಳಿದಿದ್ದೆ. ಅವರೂ ಯೋಚಿಸಲಿಲ್ಲ. ಮೀನುಗಳನ್ನು ಅದರಲ್ಲಿ ಬಿಟ್ಟೆವು.

ಮರುದಿನ ಮಧ್ಯಾಹ್ನದೊಳಗೆ ಹನ್ನೊಂದೂ ಸತ್ತವು. ಸಾಯುವ ಮುಂಚೆ ಮೈ ತಿರುಚಿಕೊಂಡು ಒದ್ದಾಡಿದವು. ಕಿವಿರುಗಳ ಮೇಲೆ ಬೆಳ್ಳಗೆ ಲೋಳೆ ಕಟ್ಟಿತು. ಇನ್ನೂ ಜೀವವಿದ್ದ ಎರಡನ್ನು ಉಳಿದ ಗಡಿಗೆಯ ಒಳ್ಳೆಯ ನೀರಿಗೆ ಹಾಕಿದರೂ ಚೇತರಿಸಲಿಲ್ಲ. ಅವರು ಆ ಹೊತ್ತಿನಲ್ಲೂ ಗಡಿಯಾರ ಹಿಡಿದು ಕೂತಿದ್ದರು.

“ಪ್ರಯೋಗ ಕೆಟ್ಟಿತಲ್ರಿ” ಎಂದೆ.

“ಕೆಟ್ಟದ್ದೂ ಪ್ರಯೋಗನ ರೀ. ಆ ಕಿವಿರು ಬರಕೋರಿ. ಲೋಳಿ ಎಲ್ಲಿ ಎಷ್ಟ ದಪ್ಪ ಐತಿ, ಅಷ್ಟ ಬರೀರಿ.”

ಬರೆದೆ. ಆಮೇಲೆ ಅವರು ಒಳಗೆ ಹೋಗಿ, ಸಮುದ್ರದ ಉಪ್ಪುನೀರು ತಿಕ್ಕಿದ ತಾಮ್ರವನ್ನು ಕರಗಿಸಿ ವಿಷ ಮಾಡಿಕೊಂಡಿತೆಂದೂ, ತಪ್ಪು ತಮ್ಮದೇ ಎಂದೂ ಮುದುಕಿಗೆ ತಿಳಿಹೇಳಿದರು. ಆಕೆ ಹಂಡೆಯನ್ನು ಬೋರಲು ಹಾಕಿದರು. “ನಮ್ಮ ಮಡೀನ ಅವಕ್ಕ ವಿಷಾ ಆತಲ್ರಿ ಮಾಸ್ತರ” ಎಂದರು. ಕುಂಬಾರರಲ್ಲಿಗೆ ತಾವೇ ಹೋಗಿ ಅಗಲಬಾಯಿಯ ಮಣ್ಣಿನ ಹರವಿಗಳನ್ನು ಹೇಳಿ ಮಾಡಿಸಿದರು.

ಮುಂದಿನ ಮೂರು ನಾತಾಳ ರಜೆಗಳಲ್ಲಿ ಆ ಹರವಿಗಳ ಸುತ್ತ ನಾವಿಬ್ಬರೂ ಕೂತಿದ್ದೇವೆ. ಹರವಿಗಳ ಹೊರಮೈಯಲ್ಲಿ ಉಪ್ಪು ಬೂದಿಯಂತೆ ಅರಳುತ್ತಿತ್ತು. ಒಂದರಲ್ಲಿ ಹಾಗೇ ಇಟ್ಟ ಸಮುದ್ರದ ನೀರು; ಇನ್ನೊಂದರಲ್ಲಿ ಕಾಯಿಸಿ ಗಾಳಿ ಹೊರಡಿಸಿ, ಬಾಯಿ ಕಟ್ಟಿ ಆರಿಸಿದ ನೀರು; ಉಳಿದವುಗಳಲ್ಲಿ ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದ್ದು. ಮೀನಿನ ಕಿವಿರು ಮುಚ್ಚಳ ಏಳುವುದನ್ನೂ ಬೀಳುವುದನ್ನೂ ಅವರು ಎಣಿಸುವರು, ಗಡಿಯಾರ ನನ್ನ ಕೈಯಲ್ಲಿ. ಗಾಳಿ ಸ್ವಲ್ಪ ಕಡಿಮೆಯಾದಾಗ ಮೀನು ಹೆಚ್ಚು ಹೆಚ್ಚು ಉಸಿರಾಡುತ್ತಿತ್ತು. ಇನ್ನೂ ಕಡಿಮೆಯಾದಾಗ, ಒಂದು ಮಿತಿ ದಾಟಿದ ಮೇಲೆ, ಉಸಿರು ಒಮ್ಮೆಲೇ ನಿಧಾನವಾಗುತ್ತಿತ್ತು. ಮುಂದಿಟ್ಟ ಹುಳುವನ್ನೂ ಮುಟ್ಟದೆ, ಬಣ್ಣ ಮಾಸಿ, ಮೀನು ಅಲುಗದೆ ಬಿದ್ದಿರುತ್ತಿತ್ತು. ಸತ್ತಿತೆಂದು ನಾನು ತಿಳಿದೆ. ಒಳ್ಳೆಯ ನೀರಿಗೆ ಹಾಕಿದರೆ ಜೀವ ಹಿಡಿದು, ಒಂದೊಪ್ಪತ್ತಿನ ತನಕ ಮೊದಲಿಗಿಂತ ಜೋರಾಗಿ ಉಸಿರಾಡಿ, ಕಳೆದುಕೊಂಡದ್ದನ್ನು ತುಂಬಿಕೊಂಡು ಮತ್ತೆ ಶಾಂತವಾಗುತ್ತಿತ್ತು.

“ಮನ್ಯಾಗ ಕಾಳ ಕಡಿಮಿ ಆದ್ರ ಮೊದಲ ನಾಕ ಕಡೆ ಓಡ್ಯಾಡತೀವಿ, ಹೌದಲ್ರಿ? ಎಲ್ಲೂ ಸಿಗಲಿಲ್ಲಂದ್ರ ಒಪ್ಪತ್ತ ಉಂಡು ಸುಮ್ಮನ ಮಲಗತೀವಿ. ಇದೂ ಹಂಗ” ಎಂದು ಅವರು ಅವ್ವಾರಿಗೆ ವಿವರಿಸಿದ್ದನ್ನು ನಾನು ಕೇಳಿದ್ದೇನೆ. ಇಷ್ಟು ಸರಳವಾಗಿ ಹೇಳಬಲ್ಲವರು ಅಷ್ಟೇ ಸರಳವಾಗಿ ಬರೆದು ಅಚ್ಚಿಗೆ ಕಳಿಸಬಹುದಿತ್ತು. ನಾನು ಹೇಳಿದಾಗಲೆಲ್ಲ, “ಇನ್ನ ಎರಡ ಸರತಿ ಎಣಸೂನು” ಎನ್ನುತ್ತಿದ್ದರು.

ನನ್ನ ಚಿತ್ರವನ್ನು ನಾಲ್ಕು ಸಲ ಹರಿದುಹಾಕಿಸಿದವರು ಅವರೊಬ್ಬರೇ. ಮುಂಬಯಿಯ ಪರೀಕ್ಷೆ ಪಾಸಾಗಿ ಬಂದ ನಾನು ಆ ಮೀನಿನ ವಕ್ರವಾದ ಬಾಯನ್ನು ಕೊಂಚ ತಿದ್ದಿ, ಕಣ್ಣುಗಳನ್ನು ಕೊಂಚ ಸರಿಸಿ ಬರೆದಿದ್ದೆ. “ಡ್ರಾಯಿಂಗ ಮಾಸ್ತರ, ಅದು ಚಂದಿಲ್ಲ. ಚಂದಿಲ್ಲದ್ದನ್ನ ಚಂದಿಲ್ಲದಂಗ ಬರೀರಿ. ನೀವು ಅದಕ್ಕ ಲಗ್ನಕ್ಕ ವರ ನೋಡಾಕತ್ತಿಲ್ಲ” ಎಂದರು. ಆ ಅವಮಾನ ನನಗೆ ಇಂದಿಗೂ ನೆನಪಿದೆ. ಐದನೆಯ ಚಿತ್ರ ನಾನು ಬದುಕಿನಲ್ಲಿ ಬರೆದ ಚಿತ್ರಗಳಲ್ಲೆಲ್ಲ ಅತ್ಯುತ್ತಮವಾದದ್ದು ಎಂಬುದೂ ನೆನಪಿದೆ.

ಆಮೇಲೆ ಯುದ್ಧ ಬಂತು. ಸೈನ್ಯಕ್ಕೆ ಹಗ್ಗ ಬೇಕಾಯಿತು. ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ಅದರ ಗುತ್ತಿಗೆ ಹಿಡಿದರು. ಪುಂಡಿಯ ಕಟ್ಟಿಗೆಯನ್ನು ನೀರಿನಲ್ಲಿ ಕೊಳೆಹಾಕಿ ನಾರು ಬಿಡಿಸುವುದು ನಮ್ಮಲ್ಲಿ ಹಿಂದಿನಿಂದ ಇದ್ದದ್ದೇ. ಒಬ್ಬೊಬ್ಬ ರೈತ ನಾಲ್ಕಾರು ಸೂಡು ಹಾಕುತ್ತಿದ್ದ. ಅಧ್ಯಕ್ಷರು ಹಾಕಿಸಿದ್ದು ಬಂಡಿಗಟ್ಟಲೆ. ಅಕ್ಕಿಆಲೂರು, ದುಂಡಸಿ, ಎಲ್ಲ ಕಡೆಯಿಂದ ಬಂದ ಪುಂಡಿಯನ್ನು ನಮ್ಮೂರ ಹೊರಗಿನ ಒಂದು ಕೆರೆಯಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿಸಿದರು. ಆ ವರ್ಷ ಹಿಂಗಾರಿ ಕೈಕೊಟ್ಟು ಕೆರೆ ಅರ್ಧಕ್ಕೆ ಇಳಿದಿತ್ತು. ಹದಿನೈದು ದಿನದಲ್ಲಿ ನೀರು ಕಪ್ಪಾಗಿ ನಾರಿತು. ಒಂದು ಬೆಳಗ್ಗೆ ಕೆರೆಯ ಮೀನುಗಳು ಸಾಲುಸಾಲಾಗಿ ಬಾಯಿ ತೆರೆದು ಮೇಲೆ ತೇಲಿದವು.

ಕೆರೆಯಲ್ಲಿ ಬಲೆ ಬೀಸುವ ಅಣ್ಣತಮ್ಮಂದಿರಿಬ್ಬರಿದ್ದರು. ಅವರೇ ಸುಲಭವಾಗಿ ಮೀನು ಹಿಡಿಯಲು ಕಾರೀಕಾಯಿ ಅರೆದು ನೀರಿಗೆ ವಿಷ ಕಲಸಿದ್ದಾರೆಂದು ಅಧ್ಯಕ್ಷರ ಮನೆಯಿಂದ ಮಾತು ಹೊರಟಿತು. ದನಗಳು ಕುಡಿಯುವ ನೀರು, ಊರು ಕೆರಳಿತು. ಇಬ್ಬರನ್ನೂ ಚಾವಡಿಯಲ್ಲಿ ಕೂಡಿಹಾಕಿ, ಮಾಮಲೇದಾರರಿಗೆ ಫಿರ್ಯಾದಿ ಕೊಟ್ಟರು. ತೀರ್ಪು ವಿರುದ್ಧವಾದರೆ ಅವರಿಗೆ ತುರಂಗವಾಸ, ಹೆಂಡರು ಮಕ್ಕಳಿಗೆ ಊರು ಬಿಡುವುದೊಂದೇ ದಾರಿ.

ನಮ್ಮ ಮಾಸ್ತರರು ಆ ದಿನವೇ ಕೆರೆಗೆ ಹೋದರು. ಸತ್ತ ಮೀನುಗಳ ಕಿವಿರು ಬಿಡಿಸಿ ನೋಡಿದರು. ಲೋಳೆ ಇರಲಿಲ್ಲ. ಅಷ್ಟಕ್ಕೆ ಬಿಡದೆ, ಕಾರೀಕಾಯಿಯನ್ನೂ ತರಿಸಿ, ಶಾಲೆಯ ಪ್ರಯೋಗದ ಕೋಣೆಯಲ್ಲಿ ಒಂದು ಹರವಿಗೆ ಅರೆದು ಹಾಕಿ, ಬಾವಿಯ ಮೀನು ಬಿಟ್ಟು ನೋಡಿದರು. ಕಿವಿರಿಗೆ ಲೋಳೆ ಕಟ್ಟಿತು. ನೀರು ಬದಲಿಸಿದರೂ ಅವು ಬದುಕಲಿಲ್ಲ. ತಾಮ್ರದ ಹಂಡೆಯ ಕತೆಯೇ ಮತ್ತೆ.

ಈ ಸುದ್ದಿ ಅಧ್ಯಕ್ಷರಿಗೆ ಮುಟ್ಟಿತು. ಸಂಜೆ ಅವರೇ ಮಾಸ್ತರರ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತರು. ನಾನು ಅಲ್ಲಿಯೇ ಇದ್ದೆ.

“ಮಾಸ್ತರ, ಬರೂ ತಿಂಗಳಿಂದ ಹೆಡ್ ಮಾಸ್ತರಕಿ ನಿಮಗ ಅಂತ ಠರಾವು ಆಗೇತಿ. ಬಲಿ ಬೀಸಾವ್ರ ಸಲುವಾಗಿ ನೀವ್ಯಾಕ ನೀರಿಗೆ ಇಳೀತೀರಿ?”

“ಇಳದಾಗೇತ್ರಿ ಧಣ್ಯಾರ. ಎಷ್ಟ ಆಳ ಐತಿ ಅಂತ ನೋಡೂದಷ್ಟ ಉಳದೈತಿ.”

“ಆಳ ಭಾಳ ಐತಿ.”

“ಹಂಗಾದ್ರ ಅಳದ ಹೇಳತೇನಿ.”

ಅಧ್ಯಕ್ಷರು ನನ್ನ ಕಡೆ ತಿರುಗಿ, “ನೀವರ ತಿಳಿಸಿ ಹೇಳ್ರಿ ಇವರಿಗೆ” ಎಂದು ಎದ್ದು ಹೋದರು. ನಾನು ಹೇಳಲಿಲ್ಲ. ನಾನು ಹೇಳದಿದ್ದುದು ಧೈರ್ಯದಿಂದಲ್ಲ, ಅವರು ಕೇಳುವುದಿಲ್ಲವೆಂದು ಗೊತ್ತಿದ್ದುದರಿಂದ.

ಮಾಮಲೇದಾರರನ್ನು ಮಾಸ್ತರರು ಸೂರ್ಯ ಹುಟ್ಟುವ ಮುಂಚೆಯೇ ಕೆರೆಗೆ ಬರಬೇಕೆಂದು ಬಿನ್ನವಿಸಿದರು. ನೀರಿನ ಗಾಳಿ ಅತಿ ಕಡಿಮೆ ಇರುವುದು ಆಗಲೇ. ಅರ್ಧ ಊರು ಏರಿಯ ಮೇಲೆ ನೆರೆದಿತ್ತು. ಪುಂಡಿ ಮುಳುಗಿಸಿದ ಕಡೆಯಿಂದ ಒಂದು ಸೀಸೆ ನೀರು, ಹಳ್ಳದ ನೀರು ಬಂದು ಕೂಡುವ ಕಡೆಯಿಂದ ಒಂದು, ಬಾವಿಯಿಂದ ಒಂದು. ಮೂರಕ್ಕೂ ಒಂದೇ ಔಷಧಿಯ ಹನಿಗಳನ್ನು ಹಾಕಿ ಮುಚ್ಚಿ ಅಲುಗಿಸಿದರು. ಬಾವಿಯ ನೀರು ಕಾಚಿನ ಹಾಗೆ ಕಂದಾಯಿತು. ಹಳ್ಳದ ಕಡೆಯದು ತುಸು ಮಾಸಲು. ಪುಂಡಿಯ ಕಡೆಯದು ಮಜ್ಜಿಗೆಯ ಹಾಗೆ ಬೆಳ್ಳಗೆ ನಿಂತಿತು.

“ಗಾಳಿ ಇದ್ದ ನೀರು ಕಂದ ಆಗತೈತ್ರಿ. ಇಲ್ಲದ್ದು ಬೆಳ್ಳಗ ಉಳೀತೈತಿ.”

ಮಾಮಲೇದಾರರು ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡಿ, “ನೀವು ಮಾಸ್ತರರೋ, ಜಾದೂಗಾರರೋ?” ಎಂದರು.

“ಜಾದೂಗಾರ ಹೆಂಗ ಮಾಡಿದೆ ಅಂತ ಹೇಳೂದಿಲ್ರಿ. ನಾ ಹೇಳತೇನಿ.”

ಹೇಳಿದರು. ಪುಂಡಿ ಕೊಳೆಯುವಾಗ ನೀರಿನ ಗಾಳಿಯನ್ನೆಲ್ಲ ನುಂಗುತ್ತದೆಂದು, ಮೀನು ಸತ್ತದ್ದು ಉಸಿರಿಲ್ಲದೆ ಎಂದು. ಆಮೇಲೆ ನೀರಿನ ಮೇಲೆ ಬಾಯಿ ಬಿಡುತ್ತಿದ್ದ ಆರು ಮೀನುಗಳನ್ನು ಎತ್ತಿಸಿ, ಬಾವಿಯ ನೀರನ್ನು ಎತ್ತರದಿಂದ ಹಲವು ಸಲ ಸುರಿದು ತುಂಬಿದ ಹರವಿಗೆ ಬಿಟ್ಟರು. ಅವು ತಳ ಮುಟ್ಟಿ ಮಗ್ಗುಲಾಗಿ ಬಿದ್ದವು. ಗುಂಪಿನಲ್ಲಿ ಯಾರೋ, “ಸತ್ತು” ಎಂದರು. ಮಾಸ್ತರರ ಹೆಬ್ಬೆರಳು ಗೆಣ್ಣುಗಳ ಮೇಲೆ ಸರಿಯತೊಡಗಿತು. ನಾನು ಗಡಿಯಾರ ಹಿಡಿದಿದ್ದೆ. ಬಿಸಿಲು ಏರಿಯ ಮೇಲೆ ಬೀಳುವ ಹೊತ್ತಿಗೆ ಒಂದು ಮೀನು ನೆಟ್ಟಗಾಯಿತು. ಆಮೇಲೆ ಇನ್ನೊಂದು. ಐದು ಬದುಕಿ ಹರವಿಯಲ್ಲಿ ಸುತ್ತತೊಡಗಿದವು.

“ವಿಷಾ ಕುಡದಾಂವ ನೀರ ಬದಲಿ ಮಾಡಿದ್ರ ಎದ್ದ ಓಡ್ಯಾಡತಾನೇನ್ರಿ ಸಾಹೇಬ್ರ?” ಎಂದು ಕೇಳಿ, ನನ್ನ ಚಿತ್ರಗಳ ಪುಸ್ತಕವನ್ನು ಬಿಚ್ಚಿ ಮುಂದಿಟ್ಟರು: ತಾಮ್ರದಿಂದ ಸತ್ತ ಕಿವಿರು, ಕಾರೀಕಾಯಿಯಿಂದ ಸತ್ತ ಕಿವಿರು; ಪಕ್ಕದಲ್ಲಿ ಕೆರೆಯ ಮೀನಿನ ಸ್ವಚ್ಛವಾದ ಕಿವಿರು. “ಆರನೇದ್ದು ಯಾಕ ಸತ್ತಿತು?” ಎಂದು ಅಧ್ಯಕ್ಷರು ಹಿಂದಿನಿಂದ ಕೇಳಿದರು. “ಅದು ನನಗ ಗೊತ್ತಿಲ್ರಿ. ನಾ ಕಂಡಷ್ಟ ಹೇಳೇನಿ” ಎಂದರು. ಮಾಮಲೇದಾರರು ಅವರನ್ನು ನಂಬಿದ್ದು ಆ ಮಾತಿಗೇ ಎಂದು ನಾನು ಇಂದಿಗೂ ತಿಳಿದಿದ್ದೇನೆ.

ಅಣ್ಣತಮ್ಮಂದಿರು ಅಂದೇ ಬಿಡುಗಡೆಯಾದರು. ಪುಂಡಿಯನ್ನು ಕೆರೆಯಿಂದ ಎತ್ತಿಸಬೇಕೆಂದು ಹುಕುಮಾಯಿತು. ನಮ್ಮ ಸೀಮೆಯ ಒಬ್ಬ ಮಾಸ್ತರ, ಎಂದೂ ಮೀನು ತಿನ್ನದವನು, ಮೀನಿನ ಉಸಿರು ಎಣಿಸಿ ಇಬ್ಬರು ಮನುಷ್ಯರನ್ನು ತುರಂಗದಿಂದ ಉಳಿಸಿದ. ಆ ಬೆಳಗ್ಗೆ ನಾನು ಅವರ ಪಕ್ಕದಲ್ಲಿ ನಿಂತಿದ್ದೆ ಎನ್ನುವುದಕ್ಕಿಂತ ದೊಡ್ಡ ಬಿರುದು ನನ್ನ ಬಳಿ ಇಲ್ಲ.

ಹನ್ನೆರಡನೆಯ ದಿನಕ್ಕೆ ಅವರನ್ನು ಕೆಲಸದಿಂದ ತೆಗೆದರು. ಕಾಗದದಲ್ಲಿ ಕೆರೆಯ ಮಾತಿರಲಿಲ್ಲ. ‘ಶಾಲೆಯ ಆವರಣದಲ್ಲಿ ಮತ್ಸ್ಯಾದಿ ನಿಷಿದ್ಧ ಪದಾರ್ಥಗಳನ್ನು ಸಂಗ್ರಹಿಸಿ ಸಂಸ್ಥೆಯ ಶುಚಿತ್ವಕ್ಕೆ ಭಂಗ ತಂದದ್ದರಿಂದ’ ಎಂದಿತ್ತು. ಶಿಕ್ಷಕರನ್ನೆಲ್ಲ ಕೂಡಿಸಿ ಓದಿ, ಯಾರಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಆ ದಿನ ಸುಮ್ಮನಿದ್ದವರು ಹದಿಮೂರು ಜನ. ಹನ್ನೆರಡು ಹೆಸರುಗಳನ್ನೂ ನಾನು ಮರೆತಿಲ್ಲ. ಹದಿಮೂರನೆಯದು ನನ್ನದು.

ಅವರು ಆ ಕಾಗದವನ್ನು ಎರಡು ಸಲ ಓದಿದರು. “ಪದಾರ್ಥ ಅಂತ ಬರದಾರ. ಜೀವ ಇದ್ದದ್ದು ಪದಾರ್ಥ ಹೆಂಗ ಆದೀತು?” ಎಂದು ನನ್ನನ್ನೇ ಕೇಳಿ, ಮಡಚಿ ಜೇಬಿನಲ್ಲಿಟ್ಟುಕೊಂಡರು. ಮನೆ ಬಿಡುವಾಗ ಅವ್ವಾರ ಆ ತಾಮ್ರದ ಹಂಡೆಯನ್ನು ತಂದು ಬಂಡಿಯಲ್ಲಿ ಇಟ್ಟರು. ಅದಕ್ಕೂ ಇವರಿಗೂ ಋಣಾನುಬಂಧ ಇದೆ ಎಂದರು.

ಸವಣೂರಿಗೆ ಹೋಗಿ, ನವಾಬರ ಸಂಸ್ಥಾನವಾದ ಆ ಊರಿನಲ್ಲಿ ಮನೆಪಾಠ ಹೇಳಿ ಬದುಕಿದರು. ಬಿಡುಗಡೆಯಾದ ಅಣ್ಣತಮ್ಮಂದಿರು ಮೀನು ತಿನ್ನದ ಅವರಿಗೆ ಮೀನು ಕೊಡುವಂತಿರಲಿಲ್ಲ. ಪ್ರತಿ ಶ್ರಾವಣದ ಸೋಮವಾರಗಳಲ್ಲಿ ಒಬ್ಬರಲ್ಲ ಒಬ್ಬರು ಅಷ್ಟು ದೂರ ನಡೆದು, ಅದೇ ಕೆರೆಯ ತಾವರೆಗಳ ಬುಟ್ಟಿಯನ್ನು ಅವರ ಪೂಜೆಗೆಂದು ಮುಟ್ಟಿಸಿ ಬರುತ್ತಿದ್ದರು. ಊರಿನ ಓದಿದವರಲ್ಲಿ ಯಾರೂ ಹೋದದ್ದನ್ನು ನಾನು ಕೇಳಿಲ್ಲ. ನಾನೂ ಹೋಗಲಿಲ್ಲ.

ಕೊನೆಯ ಸಲ ಕಂಡದ್ದು ಶಿಗ್ಗಾಂವಿಯಲ್ಲಿ, ಮೋಟಾರು ನಿಲ್ಲುವಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷ. ಕೂದಲು ಬೆಳ್ಳಗಾಗಿತ್ತು. ನಾನು ಎದುರಿಗೆ ಹೋಗಿ ನಿಂತೆ. ಅವರೇ, “ಡ್ರಾಯಿಂಗ ಮಾಸ್ತರ, ನಿಂತ ಮಿನಿಟಿನಿಂದ ಭಾಳ ಉಸರ ಹಾಕಾಕತ್ತೀರಿ. ಕುಂಡ್ರಿ” ಎಂದರು. ಕೂತೆ. ಅಂದು ಸುಮ್ಮನಿದ್ದದ್ದಕ್ಕೆ ಕ್ಷಮೆ ಕೇಳಿದೆ. “ಗಾಳಿ ಕಡಿಮಿ ಇದ್ದಲ್ಲಿ ಅಲಗದ ಬಿದ್ದಿರೂದೂ ಬದುಕೂ ದಾರಿನ ರೀ. ನಾವ ಎಣಿಸಿಲ್ಲೇನು ಅದನ್ನ?” ಎಂದು ನಕ್ಕು, ತಮ್ಮ ಮೋಟಾರು ಹತ್ತಿದರು. ಎರಡು ವರ್ಷದ ಮೇಲೆ ತಮ್ಮ ಊರಿನಲ್ಲಿಯೇ ತೀರಿಕೊಂಡರೆಂದು ಕೇಳಿದೆ. ಅವರ ಆ ಮಾತಿನಿಂದ ನನಗೆ ಸಮಾಧಾನವಾಗಿಲ್ಲ. ಮೀನಿಗೆ ಒಪ್ಪುವುದೆಲ್ಲ ಮಾಸ್ತರನಿಗೆ ಒಪ್ಪುವುದಿಲ್ಲ. ಆದ್ದರಿಂದ ಈಗಲಾದರೂ ಅಲುಗುತ್ತಿದ್ದೇನೆ.

ಹದಿನೇಳನೆಯ ಪುಟವನ್ನು ಮತ್ತೊಮ್ಮೆ ತೆರೆಯಿರಿ. ಆ ಚಿತ್ರ ತೆಗೆಯಲು ಹುಬ್ಬಳ್ಳಿಯಿಂದ ಬಂದವನು ಕರಿಯ ಬಟ್ಟೆಯೊಳಗಿನಿಂದ, “ಎಲ್ಲಾರೂ ಉಸರ ಹಿಡೀರಿ” ಎಂದು ಕೂಗಿದ್ದ. ಎಲ್ಲರೂ ಹಿಡಿದು ನೆಟ್ಟಗೆ ನೋಡುತ್ತಿದ್ದೇವೆ. ಎಡದಿಂದ ನಾಲ್ಕನೆಯವರ ಕಣ್ಣು ಮಾತ್ರ ಕೆಳಗಿದೆ. ತೊಡೆಯ ಮೇಲಿನ ಎಡಗೈಯಲ್ಲಿ ಹೆಬ್ಬೆರಳು ಉಂಗುರಬೆರಳಿನ ನಡುಗೆಣ್ಣಿನ ಮೇಲೆ ನಿಂತಿದೆ. ನಾವು ಎಷ್ಟು ಹೊತ್ತು ಉಸಿರು ಬಿಗಿಹಿಡಿದಿರಬಲ್ಲೆವೆಂದು ಅವರು ಎಣಿಸುತ್ತಿದ್ದಾರೆ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಹಾಗೆ ಕೂರುತ್ತಿದ್ದ ಮನುಷ್ಯ ಇನ್ನೊಬ್ಬನಿರಲಿಲ್ಲ.

ಸಂಚಿಕೆಯ ಸಂಪಾದಕರೇ, ಮೊದಲ ಪುಟದಲ್ಲಿ ಹಾರ ಹಾಕಿಸಿಕೊಂಡಿರುವ ಅಧ್ಯಕ್ಷರು ನಿಮ್ಮ ಅಜ್ಜನವರು. ಕೆರೆಯ ಏರಿಯ ಮೇಲೆ, ಅರ್ಧ ಊರಿನ ನಡುವೆ, ಆ ಮುಖದ ಗುರುತು ಅವರಿಗೆ ಚೆನ್ನಾಗಿ ಸಿಕ್ಕಿತ್ತು. ಸಿಕ್ಕಿದ್ದರಿಂದಲೇ ಹನ್ನೆರಡು ದಿನಗಳಲ್ಲಿ ಆ ಕಾಗದ ಬರೆಸಿದರು. ನನ್ನ ರಿಜಿಸ್ಟರ್ ಟಪಾಲಿಗೆ ಸಹಿ ಹಾಕಿದ ಕೈ ನಿಮ್ಮದೇ. ಹಾಗಾದರೆ ಹೇಳಿರಿ: ನಿಮ್ಮ ಮನೆತನಕ್ಕೆ ಆ ಗುರುತು ತಪ್ಪಿದ್ದು ಯಾವ ದಿನ?